ಪನ್ನೀರು ಹಿಡಿದು ನಿಂತವರು

ಆ ಸನ್ಮಾನದ ದಿನ ಆಂಟಿಯ ಸೀರೆ ನೀಲಿಯೋ ಹಸಿರೋ, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಹಲಸೂರಿನ ನಮ್ಮ ಎದುರುಮನೆಯ ಆಂಟಿ ವಿಜ್ಞಾನಿ. ಲೋಹದೊಳಗೆ ಸೇರುವ ಹೈಡ್ರೋಜನ್ನಿನ ಬೆನ್ನುಹತ್ತಿ ವರ್ಷಗಳನ್ನೇ ಕಳೆದವರು. ನಮ್ಮ ಗೇಟಿನ ಬೋಲ್ಟನ್ನೂ ಉಗುರಿನಿಂದ ತಟ್ಟಿ, "ಹೊರಗೆ ಹೊಳೆಯುತ್ತೆ ಕಣೆ, ಒಳಗೆ ಏನ್ ಸೇರ್ಕೊಂಡಿದ್ಯೋ" ಎನ್ನುತ್ತಿದ್ದರು. ಪ್ಲೇಟಿಂಗ್, ಅಂದರೆ ಹೊಳೆಯುವ ಲೋಹದ ಲೇಪ, ಆದ ಗಟ್ಟಿ ಉಕ್ಕಿನ ಬೋಲ್ಟನ್ನು ಕಾಯಿಸಿ, ಲೇಪದ ವೇಳೆ ಒಳಸೇರಿದ ಹೈಡ್ರೋಜನ್ ಹೊರಹಾಕದಿದ್ದರೆ ಅದು ಮುರಿಯುತ್ತದೆಂದು ಅವರ ಪ್ರಯೋಗಾಲಯದಲ್ಲಿ ತೋರಿಸಿಕೊಟ್ಟದ್ದು ಅವರೇ. ಆ ಕೆಲಸಕ್ಕೆ ಸನ್ಮಾನವಾದದ್ದು ಮಾತ್ರ ಅವರ ಮೇಲಧಿಕಾರಿಯಾದ ನನ್ನ ಚಿಕ್ಕಪ್ಪನಿಗೆ.

ಅಂದು ಸಭಾಂಗಣದ ಬಾಗಿಲಲ್ಲಿ ಆಂಟಿ ಪನ್ನೀರು ಚಿಮುಕಿಸುತ್ತಿದ್ದರು.

"ಆಂಟಿ, ನೀವ್ಯಾಕೆ ಇಲ್ಲಿ?"

"ಹೆಂಗಸ್ರು ನಿಂತ್ರೆ ಬಾಗಿಲಿಗೆ ಶೋಭೆಯಂತೆ."

ವೇದಿಕೆಯಿಂದ ಚಿಕ್ಕಪ್ಪ "ನನ್ನ ಸಂಶೋಧನೆ" ಎಂದಾಗ ಆಂಟಿ ಪನ್ನೀರುದಾನಿಯನ್ನು ಉಗುರಿನಿಂದ ತಟ್ಟಿದರು. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಮನೆಯಲ್ಲಿ ಸನ್ಮಾನದ ಶಾಲು ಮಡಚುತ್ತಿದ್ದ ಚಿಕ್ಕಪ್ಪನನ್ನು ಅಂದು ಕೇಳಿಯೇಬಿಟ್ಟೆ: "ಆ ಕೆಲ್ಸ ಆಂಟೀದು ತಾನೆ, ಅವ್ರ ಹೆಸ್ರು ಯಾಕೆ ಹೇಳ್ಲಿಲ್ಲ ಚಿಕ್ಕಪ್ಪ?"