ಮುಂಗೋಪಿಯಲ್ಲದ ಕಾಸೀಮಸಾಬ

ಕೊಂಕಣಿ ಸೀಮೆಯ ಮಂಗೋರ್ ಹಿಲ್‌ನಲ್ಲಿ ಟೆಂಪೋ ಓಡಿಸುವ ಕಾಸೀಮಸಾಬನಿಗೆ, ಹುಬ್ಬಳ್ಳಿ ಬಸ್ಸಿನಲ್ಲಿ ವಾರಪತ್ರಿಕೆ ಬಂತೆಂದರೆ ಮೊದಲು ಬೇಕಾದದ್ದು ‘ನಿಮ್ಮ ಸ್ವಭಾವ ಎಂಥದು?’ ಎಂಬ ಪುಟ. ಮೀನು ಮಾರುವವಳನ್ನೂ ಬಾಗಿಲಲ್ಲಿ ಕೂರಿಸಿ, ಬಂದಷ್ಟು ಕೊಂಕಣಿಯಲ್ಲಿ ಪ್ರಶ್ನೆ ಕೇಳಿ ಅವಳ ಸ್ವಭಾವ ಹೇಳಿಬಿಡುತ್ತಾನೆ. ತನ್ನದು ಮಾತ್ರ ಪ್ರತಿಸಲ ‘ಮುಂಗೋಪಿ’ ಎಂದೇ ಬರುತ್ತದೆ. “ನನಗೆಲ್ಲಿ ಸಿಟ್ಟೈತಿ?” ಎಂದು ಗುಡ್ಡಕ್ಕೆಲ್ಲ ಕೇಳುವಂತೆ ಕೂಗಿ, ಪತ್ರಿಕೆಯನ್ನು ಮೂಲೆಗೆಸೆದು, ಚಹಾ ಕುಡಿದ ಮೇಲೆ ತಾನೇ ಎತ್ತಿಕೊಂಡು, ‘ಶಾಂತ ಸ್ವಭಾವ’ ಬರುವ ತನಕ ಉತ್ತರಗಳಿಗೆ ಹಾಕಿದ ಪೆನ್ಸಿಲ್ ಗುರುತು ಅಳಿಸಿ ತಿದ್ದುತ್ತಾನೆ. ಮೊನ್ನೆ ಹೆಂಡತಿ ಖಾತುನಳಿಗೂ ಓದಿ ಹೇಳಿದ: “ಸಿಟ್ಟು ಬಂದರೆ ಕೂಗುತ್ತೀರೋ, ಅಳುತ್ತೀರೋ, ಸುಮ್ಮನಿರುತ್ತೀರೋ?” ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ನಿಮ್ಮ ಸಿಟ್ಟ ಇಳಿಯೂತನಕ ಕಾಯತೇನ್ರಿ. ಅಷ್ಟೊತ್ತಿಗೆ ನಂದು ಆರಿರತೈತಿ” ಎಂದಳು. ಆ ಉತ್ತರಕ್ಕೆ ಪುಟದಲ್ಲಿ ಜಾಗವಿರಲಿಲ್ಲ. ಕಾಸೀಮಸಾಬ ಪೆನ್ಸಿಲ್ ಎತ್ತಿಕೊಂಡು, ತಾನು ಅಳಿಸಿದ್ದ ಗುರುತುಗಳನ್ನೆಲ್ಲ ಒಂದೊಂದಾಗಿ ಮತ್ತೆ ಹಾಕಿದ.