ಇಲಿ ಬಿತ್ತು

ಕೊಬ್ಬರಿ ಚೂರನ್ನು ಒಲೆಯ ಉರಿಗೆ ಹಿಡಿದು ಸುಡುವ ವಾಸನೆ ಬಂದರೆ, ಒಳಗೆ ಏನೋ ಒಳ್ಳೆಯ ಅಡುಗೆ ಆಗುತ್ತಿದೆ ಎಂದು ನೀವು ತಿಳಿಯಬಹುದು. ಮೊನ್ನೆ ಭಾನುವಾರ ನಮ್ಮ ಮನೆಯಲ್ಲಿ ಆ ವಾಸನೆ ಬಂದದ್ದು ಬೇರೆ ಕಾರಣಕ್ಕೆ. ನಮ್ಮ ಯಜಮಾನರು ಇಕ್ಕಳದಲ್ಲಿ ಕೊಬ್ಬರಿ ಹಿಡಿದುಕೊಂಡು ಗ್ಯಾಸಿನ ಮುಂದೆ ತಪಸ್ಸಿಗೆ ನಿಂತಿದ್ದರು. ಮಾರತ್ತಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಗೆ, ಲಿಫ್ಟಿನಲ್ಲಿ ಬಂತೋ ಮೆಟ್ಟಿಲು ಹತ್ತಿ ಬಂತೋ, ಒಂದು ಇಲಿ ಬಂದು ಸೇರಿಕೊಂಡಿತ್ತು. ಮಾರನೆಯ ಬೆಳಿಗ್ಗೆ ಇವರು ಬೋನಿನ ಮುಂದೆ ನಿಂತು "ಬಿತ್ತು ಕಣೇ! ಇಲಿ ಬಿತ್ತು!" ಎಂದು ಮನೆಯೆಲ್ಲ ಕೇಳುವಂತೆ ಕೂಗಿದರು. ನಾನು ಕೈಲಿದ್ದ ಕಾಫಿ ಲೋಟ ಕೆಳಗಿಟ್ಟು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಅವರಿಗೆ ಸ್ವಲ್ಪ ಕೋಪವೇ ಬಂತೆನ್ನಿ.

ಅವರ ಮೇಲೆ ನಕ್ಕದ್ದಲ್ಲ. ಆ ಎರಡು ಶಬ್ದಗಳು ಒಂದು ಕಾಲದಲ್ಲಿ ಸಮುದ್ರದಾಚೆಯ ತನಕ ಹೋಗಿ ಎಷ್ಟು ಜನರನ್ನು ಕುರ್ಚಿಯಿಂದ ಎಬ್ಬಿಸಿದ್ದವು ಅನ್ನುವುದು ನೆನಪಾಗಿ ನಕ್ಕದ್ದು. ಸ್ವಲ್ಪ ಕೂತುಕೊಳ್ಳಿ, ಹೇಳಿಬಿಡುತ್ತೇನೆ.

ತೊಂಬತ್ತರ ದಶಕ. ಉತ್ತರದ ಕಡೆ ಪ್ಲೇಗು ಎಂದು ಸುದ್ದಿಯೆದ್ದು, ಹೊರದೇಶದವರು ನಮ್ಮ ವಿಮಾನ ಇಳಿಸಿಕೊಳ್ಳಲೂ ಹಿಂದೆಮುಂದೆ ನೋಡುತ್ತಿದ್ದ ಸಮಯ. ನಾನು ರಾಜಗೋಪಾಲನಗರದ ಹುಡುಗಿ. ಅಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ನೋಡಿಕೊಳ್ಳುತ್ತಿದ್ದರು. ನನಗಿದ್ದ ಆಸ್ತಿ ಎಂದರೆ ಸೀನಿಯರ್ ಟೈಪಿಂಗು, ಜೊತೆಗೆ ಒಂದಿಷ್ಟು ಇಂಗ್ಲಿಷು. ದೇಶದೇಶಗಳ ಆರೋಗ್ಯ ನೋಡಿಕೊಳ್ಳುವ ದೊಡ್ಡ ಸಂಸ್ಥೆಯೊಂದು ಆಗಿನ ವಿಮಾನ ನಿಲ್ದಾಣಕ್ಕೆ ಹತ್ತಿರವಾಗಲಿ ಎಂದು ಮಹದೇವಪುರದಲ್ಲಿ ತಾತ್ಕಾಲಿಕ ಕಚೇರಿ ತೆರೆದಿತ್ತು. ಅಲ್ಲಿ ನನಗೆ ಕೆಲಸ ಸಿಕ್ಕಿತು. ಹುದ್ದೆಯ ಹೆಸರು 'ಅಂತರರಾಷ್ಟ್ರೀಯ ಸಮನ್ವಯ ಸಹಾಯಕಿ'. ಅಮ್ಮನಿಗೆ ಅದನ್ನು ಹೇಳಲು ನಾಲಿಗೆ ಹೊರಳದೆ, "ನಮ್ ಹುಡುಗಿ ಫಾರಿನ್‌ನೋರ ಹತ್ರ ಮಾತಾಡೋ ಕೆಲಸ" ಎಂದು ಬೀದಿಗೆಲ್ಲ ಹಂಚಿಕೊಂಡು ಬಂದಳು. ನಿಜವಾಗಿ ನಾನು ಮಾಡುತ್ತಿದ್ದದ್ದು ಫ್ಯಾಕ್ಸ್ ಮೆಷಿನ್ನಿಗೆ ಕಾಗದ ತುಂಬುವುದು, ಅದು ಕಾಗದ ನುಂಗಿಕೊಂಡಾಗ ತುದಿ ಹಿಡಿದು ಎಳೆಯುವುದು. ಎರಡು ಬಸ್ಸು ಬದಲಾಯಿಸಿ ಹೋಗಿ ಈ ಘನಕಾರ್ಯ ಮಾಡಿ ಬರುತ್ತಿದ್ದೆ.

ಕಚೇರಿಗೆ ಮುಖ್ಯಸ್ಥೆ ಗದಗಿನ ಡಾಕ್ಟರ್ ಶಿವಲೀಲಾ. ಹಣೆಯ ಮೇಲೆ ವಿಭೂತಿ, ಕೈಚೀಲದಲ್ಲಿ ಕಟಕಟ ಎನ್ನುವ ಜೋಳದ ರೊಟ್ಟಿ. ನಮ್ಮ ಕಡೆಯ ಅನ್ನ ಸಾರು ಕಂಡರೆ "ಇದೇನ್ ಊಟಾನವಾ? ಇದನ್ನ ಕುಡೀಬೇಕೋ, ತಿನ್ನಬೇಕೋ?" ಎಂದು ಕಾಡುತ್ತಿದ್ದರು. ತಮಾಷೆಯೆಲ್ಲ ಊಟದ ಹೊತ್ತಿಗೆ ಮಾತ್ರ, ಕೆಲಸದಲ್ಲಿ ಬೆಂಕಿ. ನಮ್ಮ ಕಚೇರಿಗೆ ಎರಡು ನಿಯಮಗಳಿದ್ದವು. ಅನುಮಾನ ಬಂದ ತಕ್ಷಣ ಮೊದಲು ದೆಹಲಿಗೂ ಯುರೋಪಿನ ಮುಖ್ಯ ಕಚೇರಿಗೂ ತಿಳಿಸಬೇಕು, ಹೋಗಿ ನೋಡುವುದು ಆಮೇಲೆ. ಇನ್ನೊಂದು, ಒಮ್ಮೆ 'ಇದೆ' ಎಂದು ಹೇಳಿದವರೇ ತಿರುಗಿ 'ಇಲ್ಲ' ಎನ್ನುವಂತಿಲ್ಲ, ಬೇರೆ ಕಡೆಯವರು ಬಂದು ನೋಡಿ ಹೇಳಬೇಕು. ಓದಿದಾಗ ಎರಡೂ ಬಹಳ ಸರಿ ಅನ್ನಿಸಿತ್ತು.

ಕಟ್ಟಡದ ಮಾಲೀಕರು ಮುನಿಯಪ್ಪ. ರಿಂಗ್ ರಸ್ತೆ ಬರುತ್ತದೆ ಎಂದು ಗೊತ್ತಾದ ಮೇಲೆ ಹೊಲದಲ್ಲಿ ಕಟ್ಟಡ ಎಬ್ಬಿಸಿ ನಮಗೆ ಬಾಡಿಗೆಗೆ ಕೊಟ್ಟು, ತಾವು ಮಾತ್ರ ಹಿಂದಿನ ಹಳ್ಳಿಯ ಹಳೇ ಹೆಂಚಿನ ಮನೆಯಲ್ಲೇ ಇದ್ದರು. ಆ ಹಳ್ಳಿಯ ಮನೆಗಳಿಗೆ ನಾವು ಬೋನು ಕೊಟ್ಟಿದ್ದೆವು. ಸಿಕ್ಕ ಇಲಿಯ ಮೈಮೇಲಿನ ಚಿಗಟ ಪರೀಕ್ಷೆಗೆ ಬೇಕಾಗಿತ್ತು. ಬಿದ್ದ ತಕ್ಷಣ ಫೋನ್ ಮಾಡಿ ಎಂದು ಡಾಕ್ಟರು ಎಲ್ಲರಿಗೂ ಹೇಳಿದ್ದರು. ಆದರೆ ಇಲಿಗಳು ನಮ್ಮೊಂದಿಗೆ ಸಹಕರಿಸಲಿಲ್ಲ. ಮುನಿಯಪ್ಪನವರಿಗೆ ಇದು ಮರ್ಯಾದೆಯ ಪ್ರಶ್ನೆಯಾಗಿಬಿಟ್ಟಿತು. ಒಂದು ದಿನ ವಡೆ, ಒಂದು ದಿನ ಬಜ್ಜಿ, ಕೊನೆಗೆ ಸುಟ್ಟ ಕೊಬ್ಬರಿ. ಅದೇ ವಾರ ಮಗಳು ಮಂಜುಳನ ಮದುವೆ ಬೇರೆ ಇತ್ತು. ಮನೆ ಮುಂದೆ ಚಪ್ಪರ ಏಳುತ್ತಿದ್ದರೂ ಅವರ ಗಮನ ಅರ್ಧ ಬೋನಿನ ಮೇಲೇ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಫೋನು ಬಂತು. ಆಗಿನ ಫೋನಿನಲ್ಲಿ ಮಾತಿಗಿಂತ ಗೊರಗೊರ ಜಾಸ್ತಿ. ಡಾಕ್ಟರೇ ಎತ್ತಿದರು. ಆ ಕಡೆಯಿಂದ ಮುನಿಯಪ್ಪನವರ ದನಿ ನನಗೂ ಕೇಳಿಸಿತು: "ಡಾಕ್ಟ್ರಮ್ಮಾ, ಗೊರಗೊರ... ಇಲಿ ಬಿತ್ತು! ನಮ್ಮನೇಲೇ! ದೊಡ್ಡುದು! ಬಿರ್‍ನೆ ಬನ್ನಿ!" ಅಷ್ಟರಲ್ಲಿ ಲೈನು ಕಟ್ಟಾಯಿತು.

ನಮ್ಮ ಭಾಷೆಯಲ್ಲಿ ಈ 'ಬೀಳು' ಎನ್ನುವುದು ದೊಡ್ಡ ತರಲೆ. ಮಳೆ ಬೀಳುತ್ತದೆ, ಕನಸು ಬೀಳುತ್ತದೆ, ಅದೃಷ್ಟವಿದ್ದರೆ ಲಾಟರಿ ಬೀಳುತ್ತದೆ, ಇಲ್ಲದಿದ್ದರೆ ಒದೆ ಬೀಳುತ್ತದೆ. ಬೋನಿಗೆ ಇಲಿ ಬಿದ್ದರೆ ಸಂತೋಷ. ಬರೀ ಇಲಿ ಬಿದ್ದರೆ? ಹಳಬರನ್ನು ಕೇಳಿ. ಸೂರಿನಿಂದ ಸತ್ತ ಇಲಿ ನೆಲಕ್ಕೆ ಬಿತ್ತೆಂದರೆ ಪ್ಲೇಗು ಬಂತೆಂದೇ ಅರ್ಥ, ಅವತ್ತೇ ಗಂಟುಮೂಟೆ ಕಟ್ಟಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಬೇಕು. ಗದಗಿನಲ್ಲೂ ಹಾಗೆಯೇ ಅನ್ನುತ್ತಿದ್ದರಂತೆ. ಡಾಕ್ಟರ ಮುಖ ಬಿಳಿಚಿಕೊಂಡಿತು. "ಅಯ್ಯ ಶಿವನ! ಇಲಿ ಬಿತ್ತಂತವಾ! ಲಗೂ ಟೈಪ್ ಮಾಡು" ಎಂದರು. ಸೋಜಿಗವೆಂದರೆ ಇಂಗ್ಲಿಷಿನ ವೈದ್ಯರೂ ಇದನ್ನು 'ರ‍್ಯಾಟ್ ಫಾಲ್' ಎಂದೇ ಕರೆಯುತ್ತಾರೆ. ಎರಡು ಭಾಷೆಗಳು ಇಷ್ಟು ಚೆನ್ನಾಗಿ ಒಪ್ಪಿಕೊಂಡ ಮೇಲೆ ಅನುಮಾನಕ್ಕೆ ಜಾಗವೆಲ್ಲಿ? ನನ್ನ ಬಾಳಿನ ಮೊದಲ ಅಂತರರಾಷ್ಟ್ರೀಯ ಸಮನ್ವಯ ಒಂದೂ ಅಕ್ಷರ ತಪ್ಪಿಲ್ಲದೆ ಎರಡು ಕಡೆಗೂ ಹೋಯಿತು.

ಆಮೇಲೆ ಜೀಪು ಹತ್ತಿ ಓಡಿದೆವು. ಚಪ್ಪರದ ಕೆಳಗೆ ಮುನಿಯಪ್ಪನವರು ಬೋನನ್ನು ಎತ್ತಿ ಹಿಡಿದು ನಿಂತಿದ್ದರು. ಒಳಗೆ ಬೆಕ್ಕಿನ ಮರಿಯಷ್ಟಿದ್ದ ಹೆಗ್ಗಣ, ನಮ್ಮನ್ನು ಕಣ್ಣೆತ್ತಿಯೂ ನೋಡದೆ ಕೊಬ್ಬರಿ ಮೆಲ್ಲುತ್ತಿತ್ತು.

"ಎಂಗೈತೆ ನೋಡಿ ಡಾಕ್ಟ್ರಮ್ಮ!" ಎಂದರು ಮುನಿಯಪ್ಪ.

"ಬಿತ್ತು ಅಂದ್ರಲ್ರೀ!"

"ಬಿದ್ದೈತಲ್ಲಮ್ಮ, ಕಣ್ಮುಂದೇನೇ ಐತಲ್ಲ! ಇನ್ನೆಂಗೆ ಬೀಳ್ಬೇಕು?"

ಡಾಕ್ಟರು ಚಪ್ಪರದ ಕಂಬ ಹಿಡಿದುಕೊಂಡು ಕೂತುಬಿಟ್ಟರು. ಕಚೇರಿಗೆ ವಾಪಸು ಓಡಿ ಇನ್ನೊಂದು ಫ್ಯಾಕ್ಸ್ ಕಳಿಸಿದೆವು: ಇಲಿ ಬದುಕಿದೆ, ಆರೋಗ್ಯವಾಗಿದೆ, ಕೊಬ್ಬರಿ ತಿನ್ನುತ್ತಿದೆ. ಯುರೋಪಿನಿಂದ ತಕ್ಷಣ ಉತ್ತರ ಬಂತು: ಬಿದ್ದ ಇಲಿ ಹೇಗೆ ತಿನ್ನುತ್ತಿದೆ? ಇದಕ್ಕೆ ಏನು ಬರೆಯುತ್ತೀರಿ? ನಾವು 'ಬೀಳು' ಧಾತುವಿನ ಮೇಲೆ ಒಂದು ಪುಟ ವ್ಯಾಕರಣ ಬರೆದು ಕಳಿಸಿದೆವು. ದೆಹಲಿಯಿಂದ ಫೋನು ಬಂತು. ನಿಮ್ಮ ವಿವರಣೆ ಚೆನ್ನಾಗಿದೆ, ಆದರೆ ನಿಯಮ ನಿಯಮವೇ, ಬೆಳಗಿನ ವಿಮಾನಕ್ಕೆ ತಂಡ ಬರುತ್ತದೆ, ಅವರು ನೋಡಿ ಹೇಳುವ ತನಕ ಆ ಊರಿನಿಂದ ಯಾರೂ ಹೊರಗೆ ಹೋಗಬಾರದು, ಹೊರಗಿನವರು ಒಳಗೆ ಬರಬಾರದು.

ನಗು ಅಲ್ಲಿಗೆ ನಿಂತಿತು ನೋಡಿ. ಬೆಳಿಗ್ಗೆ ಒಳಗೆ ಬರಬೇಕಾಗಿದ್ದ ಹೊರಗಿನವರು ಬೇರಾರೂ ಅಲ್ಲ, ಹೊಸಕೋಟೆ ಕಡೆಯ ಗಂಡಿನವರು. ಪ್ಲೇಗಿನ ಊರು ಎಂಬ ಹೆಸರು ಒಮ್ಮೆ ಅಂಟಿದರೆ ಮಂಜುಳನ ಗತಿ ಏನು? ಮುಹೂರ್ತಕ್ಕೆ ತಿರುಗಿ ಹೋದ ದಿಬ್ಬಣ ಮತ್ತೆ ಬರುತ್ತದೆಯೇ?

ಆಗಬಾರದ್ದೇ ಆಯಿತು. ಬೆಳಿಗ್ಗೆ ಊರ ಮುಂದೆ, ಮುನಿಯಪ್ಪನವರ ಚಪ್ಪರಕ್ಕೆ ಕಾಣುವ ಹುಣಸೆಮರದ ಹತ್ತಿರ ಒಂದು ಕಡೆಯಿಂದ ದಿಬ್ಬಣದ ಬಸ್ಸು, ಇನ್ನೊಂದು ಕಡೆಯಿಂದ ತಂಡದ ಜೀಪುಗಳು, ಎರಡೂ ಒಟ್ಟಿಗೇ ಬಂದು ಎದುರುಬದುರು ನಿಂತವು. ಜೀಪಿನಿಂದ ಮೈತುಂಬ ಬಿಳಿ ಬಟ್ಟೆ, ಮೂಗುಬಾಯಿಗೆ ಮಾಸ್ಕ್ ಹಾಕಿದವರು ಇಳಿದರು. ಮುಂದಿದ್ದ ಪರಂಗಿ ಡಾಕ್ಟರಂತೂ ಬಾಗಿಲಿಗೆ ತಲೆ ತಾಗುವಷ್ಟು ಉದ್ದ. ವಾದ್ಯದವರು ಊದುತ್ತಿದ್ದ ಓಲಗ ಅರ್ಧಕ್ಕೇ ನಿಲ್ಲಿಸಿದರು. ಗಂಡಿನ ಅಪ್ಪ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ವಿಷಯ ಕೇಳಿ ತಿಳಿದು, "ಪ್ಲೇಗ್ ಬಂದಿರೋ ಊರಿಂದ ಎಣ್ಣು ತರಕ್ಕಾಯ್ತದಾ? ತಿರುಗ್ಸೋ ಬಸ್ಸು!" ಎಂದು ಗುಡುಗಿದರು.

ತಂಡದವರೇನೋ ಬಹಳ ಚುರುಕಾಗಿ ಕೆಲಸ ಮಾಡಿದರು. ಅಟ್ಟ ಹತ್ತಿದರು, ರಾಗಿ ಕಣಜದಲ್ಲಿ ಇಣುಕಿದರು, ಹೆಂಚಿನ ಸಂದಿಗೆ ಟಾರ್ಚ್ ಬಿಟ್ಟರು. ಬಿಳಿ ಬಟ್ಟೆಯಲ್ಲಿ ಹೋದವರು ಮಸಿ ಬಣ್ಣದಲ್ಲಿ ಸೀನುತ್ತ ಹೊರಗೆ ಬಂದರು. ಇಡೀ ಊರಿನಲ್ಲಿ ಒಂದೇ ಒಂದು ಸತ್ತ ಇಲಿ ಇರಲಿಲ್ಲ. ಪರಂಗಿ ಡಾಕ್ಟರು ಬೋನಿನ ಹೆಗ್ಗಣದ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿ, ಊರಿನಲ್ಲಿ ಏನೂ ಇಲ್ಲ, ಮದುವೆ ನಡೆಸಿ ಎಂದರು. ನಾನು ಓಡಿಹೋಗಿ ಬಸ್ಸಿನವರಿಗೆ ಹೇಳಿದೆ.

"ಬಾಯಲ್ಲಿ ಏಳ್ಬಿಟ್ರೆ ಆಗೋಯ್ತಾ?" ಎಂದರು ಗಂಡಿನ ಅಪ್ಪ. "ಅವ್ರು ಮೂತಿ ಮುಚ್ಕೊಂಡವ್ರೆ, ನಾವು ಮಾತ್ರ ಬಾಯ್ ತಕ್ಕೊಂಡು ಉಣ್ಬೇಕಾ?"

ತಕರಾರು ನ್ಯಾಯವಾಗಿತ್ತು. ಬಾಗಿಲಲ್ಲಿ ಮಂಜುಳ ಅರಿಶಿನದ ಸೀರೆಯಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ, ಬಸ್ಸಿನ ಕಡೆಗೇ ನೋಡುತ್ತಿದ್ದಳು. ಬಸ್ಸು ನಿಜಕ್ಕೂ ಹಿಂದಕ್ಕೆ ಸರಿಯುತ್ತಿತ್ತು. ನಾನು ತಿರುಗಿ ಚಪ್ಪರಕ್ಕೆ ಓಡಿದೆ. ಗಂಡಿನ ಅಪ್ಪನ ಮಾತನ್ನು ಪರಂಗಿ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ, ಮೂತಿ ಸಮೇತ. ಅವರು ಒಂದು ಗಳಿಗೆ ಯೋಚಿಸಿದರು. ಮಾಸ್ಕ್ ಬಿಚ್ಚಿ ಜೇಬಿಗಿಟ್ಟು, ಅಷ್ಟುದ್ದದ ಕಾಲನ್ನು ಹೇಗೋ ಮಡಚಿಕೊಂಡು, ಇನ್ನೂ ಯಾರೂ ಕೂರದ ಪಂಕ್ತಿಯಲ್ಲಿ ಕೂತುಬಿಟ್ಟರು. ಪಕ್ಕದಲ್ಲಿ ಡಾಕ್ಟರ್ ಶಿವಲೀಲಾ ಸೆರಗು ಸಿಕ್ಕಿಸಿಕೊಂಡು ಕೂತು, "ಬಡಸ್ರೀ! ರೊಟ್ಟಿ ಇಲ್ಲಂದ್ರೂ ಉಣ್ತೀನಿ ಇವತ್ತ" ಎಂದರು. ಮುಹೂರ್ತಕ್ಕೆ ಮುಂಚೆ ಊಟ ಬಡಿಸುವುದು ಎಲ್ಲಿಯ ಪದ್ಧತಿ ಎಂದು ಅಡುಗೆಯವರು ಗೊಣಗಿದರು, ಬಡಿಸಿದರು. ಪರಂಗಿಯವರ ಎಲೆಯಿಂದ ಪಾಯಸ ಓಡಿಹೋಗಲು ನೋಡುತ್ತಿತ್ತು, ಅವರು ಎರಡೂ ಕೈ ಅಡ್ಡ ಹಾಕಿ ಹಿಡಿಯುತ್ತಿದ್ದರು. ಬಸ್ಸಿನ ಕಿಟಕಿಗಳಲ್ಲಿ ಮೊದಲು ಮಕ್ಕಳು ನಕ್ಕರು, ಆಮೇಲೆ ಹೆಂಗಸರು. ಗಂಡಿನ ಅಪ್ಪ ಇಳಿದು ಬಂದು, ಎಲೆಯ ಮುಂದೆ ನಿಂತು ಪರೀಕ್ಷೆ ಮಾಡಿ, "ಇವ್ರುಗೆ ಅಪ್ಳ ಆಕ್ರಪ್ಪ" ಎಂದರು. ವಾದ್ಯದವರು ನಿಲ್ಲಿಸಿದ ಕಡೆಯಿಂದಲೇ ಮತ್ತೆ ಊದಿದರು.

ಈ ಕಥೆಯನ್ನು ನಾನು ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ, ಹಪ್ಪಳ ಬಂದ ಕೂಡಲೇ ಎಲ್ಲರೂ ನಗುತ್ತಾರೆ. ಆದರೆ ಅದು ಅಲ್ಲಿಗೆ ಮುಗಿಯಲಿಲ್ಲ. ಧಾರೆಯಾದ ಮೇಲೆ ಜಗಲಿಯಲ್ಲಿ ಮುನಿಯಪ್ಪನವರ ತಾಯಿ ತಿಮ್ಮಕ್ಕಜ್ಜಿ ಕೂತಿದ್ದರು. ಪರಂಗಿ ಡಾಕ್ಟರು ಹೋಗಿ ಬರುತ್ತೇನೆ ಎಂದು ಕೈ ಮುಗಿದಾಗ ಅಜ್ಜಿ ಅವರ ಮಸಿಯಾದ ತೋಳು ಹಿಡಿದುಕೊಂಡು ನನಗೆ ಹೇಳಿದರು:

"ಕೇಳವ್ವ ಇವ್ರುನ್ನ. ಬದುಕಿರೋ ಒಂದಿಲೀಗೆ ಇಷ್ಟ್ ದೂರದಿಂದ ಇಷ್ಟೊಂದ್ ಜನ ಬಂದವ್ರೆ. ನಾನು ಚಿಕ್ಕೋಳಿದ್ದಾಗ ದಿಟವಾಗ್ಲೂ ಇಲಿ ಬಿತ್ತು. ನಮ್ಮಕ್ಕ ಗುಡ್ಲಾಗೆ ಜರ ಬಂದು ಮನಿಕ್ಕೊಂಡೋಳು ಏಳ್ಲೇ ಇಲ್ಲ. ಆವಾಗ ಒಬ್ರೂ ಬರ್ಲಿಲ್ವಲ್ಲ?"

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಪರಂಗಿ ಡಾಕ್ಟರು ಜಗಲಿಯ ಕೆಳಗೆ ನೆಲದ ಮೇಲೆಯೇ ಕೂತು, ಅಕ್ಕನ ಹೆಸರೇನು ಎಂದು ಕೇಳಿದರು. ಆ ಹೆಸರನ್ನು ಅಜ್ಜಿಯ ಹತ್ತಿರ ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. "ಚನ್ನಕ್ಕ" ಎಂದರು. ಡಾಕ್ಟರು ಹೇಳಿ ನೋಡಿದರು, ತಪ್ಪಾಯಿತು. ಅಜ್ಜಿ ತಿದ್ದಿದರು. ಮತ್ತೆ ತಪ್ಪಾಯಿತು. ಸರಿಯಾಗುವ ತನಕ ಅಜ್ಜಿ ತೋಳು ಬಿಡಲಿಲ್ಲ.

ನಮ್ಮ ಯಜಮಾನರಿಗೆ ಮೊನ್ನೆ ಇಷ್ಟನ್ನೂ ಹೇಳಿದೆ. ಸಂಜೆ ಟಿವಿಯಲ್ಲಿ ಸುದ್ದಿ ಬಂತು: ಎಲ್ಲೋ ದೂರದ ದೇಶದಲ್ಲಿ ಯಾವುದೋ ಜ್ವರ ಎಂದು ನಾಲ್ಕು ದೇಶಗಳ ವೈದ್ಯರು ವಿಮಾನ ಹತ್ತಿ ಹೋದರಂತೆ, ಕೊನೆಗೆ ನೋಡಿದರೆ ಏನೂ ಇರಲಿಲ್ಲವಂತೆ. ನಾನು ನಗುತ್ತೇನೆ ಎಂದು ಇವರು ನನ್ನ ಕಡೆ ತಿರುಗಿದರು. ತಿಮ್ಮಕ್ಕಜ್ಜಿಯ ಮಾತು ಕೇಳುವುದಕ್ಕೆ ಮೊದಲಾಗಿದ್ದರೆ ಇವರಿಗಿಂತ ಮುಂಚೆ ನಾನೇ ನಗುತ್ತಿದ್ದೆ.

"ಹೋದ್ರಲ್ರೀ, ಸದ್ಯ" ಎಂದೆ.