ಬೆಚ್ಚಗಿನ ಪೆಟ್ಟಿಗೆ

ಮಾಗಿಯ ಚಳಿಯಲ್ಲಿ ನಮ್ಮ ಮದ್ದೂರಿನ ಮನೆಯ ಕಂಪ್ಯೂಟರ್ ಕೈಕೊಟ್ಟಿತು. ಗುಂಡಿ ಒತ್ತಿದರೆ ಒಳಗೆ ಫ್ಯಾನು ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪಗೇ ಇರುತ್ತಿತ್ತು. ನಾನು ಮುಗಿಸಬೇಕಿದ್ದ ಕೆಲಸವೆಲ್ಲ ಅದರೊಳಗೇ ಇತ್ತು. ಕೂತಲ್ಲಿ ಕೂರಲಾಗಲಿಲ್ಲ. ರ‍್ಯಾಮ್ ಕಿತ್ತು, ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಒಳಗಿನ ಪುಟ್ಟ ಸೆಲ್ ಬದಲಾಯಿಸಿದೆ. ಬಸ್ಸು ಹತ್ತಿ ಮಂಡ್ಯಕ್ಕೆ ಹೋಗಿ ಹೊಸ ಪವರ್ ಸಪ್ಲೈ ತಂದು ಹಾಕಿದೆ. ಯಾವುದಕ್ಕೂ ಅದು ಜಗ್ಗಲಿಲ್ಲ. ಅನುಮಾನಿಸಲು ಉಳಿದದ್ದು ಮದರ್‌ಬೋರ್ಡ್ ಒಂದೇ. ಕರೆಂಟಿನವರನ್ನು ಬೈದೆ, ಧೂಳನ್ನು ಬೈದೆ, ಕಂಪ್ಯೂಟರ್ ಮಾರಿದವನನ್ನೂ ಬಿಡಲಿಲ್ಲ.

ಅವ್ವ ಗಳಿಗೆಗೊಮ್ಮೆ ಬಾಗಿಲಿಗೆ ಬಂದು ಕೇಳುತ್ತಿದ್ದಳು.

"ಸರಿಯೋಯ್ತೇನ್ಲಾ?"

"ಇಲ್ಲ ಕಣವ್ವ, ಸುಮ್ಕಿರು."

ಸಿಡುಕಿದೆನಾದರೂ, ನನ್ನ ಕೆಲಸದ ಬಗ್ಗೆ ಇವಳಿಗೆ ಎಷ್ಟೊಂದು ಚಿಂತೆ ಎಂದು ಮನಸ್ಸು ಮೆತ್ತಗಾಯಿತು.

ಕೊನೆಗೆ ಮದರ್‌ಬೋರ್ಡನ್ನೇ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ರ‍್ಯಾಮ್ ಕೂರುವ ಜಾಗದ ಪಕ್ಕ, ಇಷ್ಟು ದಿನ ವೈರುಗಳ ಮರೆಯಲ್ಲಿದ್ದ ಕಡೆ, ನೀರು ಇಳಿದು ಹಸಿರುಗಟ್ಟಿದ ಕಲೆ ಇತ್ತು. ಅದರ ಅಂಚಿನಲ್ಲಿ ಒಂದು ಹುರುಳಿಕಾಳು, ಒಣಗಿದ ಮೊಳಕೆಯ ಸಮೇತ ಅಂಟಿಕೊಂಡಿತ್ತು.

"ಇದೇನವ್ವ?"

ಅವ್ವ ಹತ್ತಿರ ಬಂದು ನೋಡಿದಳು. ಅವಳ ಮುಖದಲ್ಲಿ ಗಾಬರಿಯೇನೂ ಇರಲಿಲ್ಲ.

"ಚಳೀಲಿ ಕಾಳು ಬೇಗ ಮೊಳ್ಕೆ ಬರಾಕಿಲ್ಲ ಕಣ್ಲಾ. ನೀನು ಇದ್ನ ಆರಿಸ್ದೆ ಕೆಲ್ಸಕ್ಕೆ ಓಯ್ತಿದ್ದಲ್ಲ, ಮೇಲ್ಗಡೆ ತೂತಿನ ತಾವ ಬೆಚ್ಚಗಿರೋದು. ಒದ್ದೆ ಬಟ್ಟೇಲಿ ಕಟ್ಟಿ ಮಡಗ್ತಿದ್ದೆ."

ಕಾಳನ್ನು ಉಗುರಿನಿಂದ ಕೆರೆದು ತೆಗೆದೆ. ಆ ಚಳಿಗಾಲದಲ್ಲಿ ಮೊಳಕೆಕಾಳಿನ ಸಾರನ್ನು ಕೇಳಿ ಕೇಳಿ ಹಾಕಿಸಿಕೊಂಡು ಉಂಡವನು ನಾನೇ.

"ಬೇಗ ಸರಿ ಮಾಡ್ಲಾ," ಅಂದಳು ಅವ್ವ. "ಕಾಳು ನೆನೆ ಆಕಿವ್ನಿ."